ಮೂಲೆ ಮಡಚಿದ ಚೀಟಿ

ಕಮಲಾಪುರದ ಕಾಲುವೆ ಬದುವಿಗೆ ಸೈಕಲ್ ಒರಗಿಸಿ ಗುಡ್ಡಪ್ಪ ಕಬ್ಬಿನ ಗದ್ದೆಗೆ ಇಳಿಯುವಾಗ ಆಗಷ್ಟೇ ಬೆಳಕು ಹರಿಯುತ್ತಿದೆ. ಗಳವೊಂದನ್ನು ಚುಚ್ಚಿ, ರಸದ ಹನಿಯನ್ನು ಗೇಣುದ್ದದ ಕೊಳವೆಯ ಗಾಜಿಗೆ ಬಿಟ್ಟು, ಪೂರ್ವಕ್ಕೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. "ಸಿಹಿ ಹತ್ತೊಂಬತ್ತು ದಾಟೈತ್ರಿ. ಕಬ್ಬು ಹಣ್ಣಾಗೈತಿ." ಆಮೇಲೆ ಚಪ್ಪಲಿ ಕಳಚಿ ಗದ್ದೆಯೊಳಗೆ ಹತ್ತು ಹೆಜ್ಜೆ ಹಾಕುತ್ತಾರೆ. ನೆಲದ ಹಸಿ ಅಳೆಯಲು ಅವರಿಗೆ ಅಂಗಾಲೇ ಸಾಕು.

ಚಿತ್ತವಾಡ್ಗಿಯ ಈ ಐವತ್ತೇಳರ ಮನುಷ್ಯ ಕಬ್ಬು ಬೆಳೆಗಾರರ ಸಂಘವೊಂದರ ಫೀಲ್ಡ್‌ಮನ್. ಅಪ್ಪ ಡ್ಯಾಮ್ ಕಟ್ಟುವಾಗ ಕಲ್ಲು ಹೊತ್ತವರು. ಮಗ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಇಪ್ಪತ್ತಾರು ವರ್ಷಗಳಿಂದ ಕಾಲುವೆ ನೀರಿನ ಕಬ್ಬು ಕಾಯುತ್ತಿದ್ದಾರೆ. ದಿನಕ್ಕೆ ಹದಿನಾಲ್ಕು ಗದ್ದೆ, ಮೂವತ್ತು ಕಿಲೋಮೀಟರ್ ಸೈಕಲ್ಲು. ಯಾರ ಕಬ್ಬು ಯಾವಾಗ ಕಡಿಯಬೇಕೆಂಬ ಕಟಾವು ಚೀಟಿ ಅವರ ಕೈ ದಾಟಿಯೇ ಮುಂದೆ ಹೋಗಬೇಕು.

ಎರಡು ವರ್ಷದ ಹಿಂದೆ ಸಂಘಕ್ಕೆ ಕಂಪ್ಯೂಟರ್ ಬಂತು. ಹೊಸಪೇಟೆಯ ಗೋಪೀನಾಥ ಎಂಬ ತರುಣ ಅದಕ್ಕೆ ಕೆಲಸ ಕಲಿಸಲು ಗುಡ್ಡಪ್ಪನವರನ್ನು ಎದುರು ಕೂರಿಸಿಕೊಂಡು ಹಾಳೆಯಲ್ಲಿ ಮೂರು ಮನೆ ಗೀಚಿದ: ಹಂತ ಯಾವುದು, ಅದು ಯಾರ ಕೈಯದು, ಮುಂದೆ ಎಲ್ಲಿಗೆ. ಗುಡ್ಡಪ್ಪ ಐದು ಹಂತ ಹೇಳಿದರು. ನೋಂದಣಿ, ತಪಾಸಣೆ, ಮಂಜೂರಿ, ಕಟಾವು, ತೂಕ. ಮಂಜೂರಾಗಿ ನಾಲ್ಕು ದಿನದಲ್ಲಿ ಕಡಿಯದಿದ್ದರೆ ಚೀಟಿ ರದ್ದು, ಮತ್ತೆ ಸಾಲಿನ ಕೊನೆಗೆ. ಕಂಪ್ಯೂಟರ್ ಬಲು ವಿಧೇಯ ಪ್ರಾಣಿ, ಹೇಳಿದ್ದಷ್ಟನ್ನೇ ಮಾಡಿತು.

ಮೊದಲ ಪೆಟ್ಟು ಬಿದ್ದದ್ದು ಹೊನ್ನೂರಮ್ಮನಿಗೆ. ಆಕೆಯದು ಒಂದೂವರೆ ಎಕರೆ. ಮೇಲಿನ ಗದ್ದೆಯ ನೀರು ಬಸಿದು ಬಂಡಿ ಇಳಿಯುವಂತಿರಲಿಲ್ಲ. ಐದನೆಯ ದಿನ ಚೀಟಿ ರದ್ದಾಯಿತು. ಮತ್ತೆ ಪಾಳಿ ಬರಲು ಎರಡು ತಿಂಗಳು. ಅಷ್ಟರಲ್ಲಿ ಕಾಲುವೆ ನಿಲ್ಲುತ್ತದೆ, ಕಡಿದ ಬುಡದಿಂದ ಚಿಗುರುವ ಕೂಳೆ ಬೆಳೆ ನೀರಿಲ್ಲದೆ ಒಣಗುತ್ತದೆ. ಆಕೆ ಸಂಘದ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ಗುಡ್ಡಣ್ಣ, ಇಷ್ಟು ವರ್ಷ ನನ್ನ ಪಾಳಿ ಕಾದಿ. ಈಗ್ಯಾಕ ಕೈ ಬಿಟ್ಟಿ?"

ಗುಡ್ಡಪ್ಪನವರಿಗೆ ಆಗ ಹೊಳೆಯಿತು. ಗದ್ದೆ ಹಸಿಯಿದ್ದರೆ ಅವರು ಚೀಟಿಯ ಮೂಲೆ ಮಡಚಿ ಇಡುತ್ತಿದ್ದರು. ಮೂಲೆ ಮಡಚಿದ ಚೀಟಿಗೆ ಪಾಳಿ ತಪ್ಪುವುದಿಲ್ಲವೆಂದು ಸಂಘದಲ್ಲಿ ಎಲ್ಲರಿಗೂ ಗೊತ್ತಿತ್ತು. "ಅದೂ ಒಂದು ಹಂತ ಅಂತ ತಿಳೀಲೇ ಇಲ್ರಿ. ಕೈಗೆ ರೂಢಿ ಆಗಿತ್ತು, ಬಾಯಿಗೆ ಬರಲಿಲ್ಲ," ಎನ್ನುವಾಗ ಈಗಲೂ ಅವರ ಮುಖ ಸಣ್ಣದಾಗುತ್ತದೆ.

ಅಂದೇ ಮಧ್ಯಾಹ್ನ ಸೈಕಲ್ ತುಳಿದು ಗೋಪೀನಾಥನ ಬಳಿ ಹೋದರು. "ಮಷೀನು ತಪ್ಪು ಮಾಡಿಲ್ರಿ. ನಾನು ಹೇಳೋದು ಬಿಟ್ಟೀನಿ." ಹಾಳೆಗೆ ಆರನೆಯ ಹಂತ ಸೇರಿತು: ಚೀಟಿ ನಿಲ್ಲುತ್ತದೆ, ಪಾಳಿ ಹೋಗುವುದಿಲ್ಲ; ನಿಲ್ಲಿಸುವುದೂ ಬಿಡುವುದೂ ಗದ್ದೆ ನೋಡಿ ಬಂದವರ ಕೈಯದು. ಹೆಸರಿನ ಮನೆಯಲ್ಲಿ ಗೋಪೀನಾಥ 'ತಡೆ' ಎಂದು ಬರೆದ. ಗುಡ್ಡಪ್ಪ ಒಪ್ಪಲಿಲ್ಲ. "ತಡೆ ಅಂದ್ರ ರೈತನ ಎದಿ ಝಲ್ ಅಂತೈತ್ರಿ. ಪಾಳಿ ಅಂತ ಬರೀರಿ."

ಹೊನ್ನೂರಮ್ಮನ ಚೀಟಿ ಮರಳಿ ತನ್ನ ಜಾಗಕ್ಕೆ ಬಂತು. ಹನ್ನೆರಡನೆಯ ದಿನ ಗದ್ದೆ ಆರಿತು, ಕಬ್ಬು ಕಡಿದರು, ಕೂಳೆಗೆ ನೀರೂ ಸಿಕ್ಕಿತು. ಈ ಸಲ ಅದೇ ಕೂಳೆ ಎದೆಮಟ್ಟ ಬೆಳೆದಿದೆ.

ಸಂಘದಲ್ಲಿ ಕಂಪ್ಯೂಟರ್ ನಡೆಸುವ ನೀರಜಾ ಇಂದಿನ ಪಟ್ಟಿ ಕೊಡುತ್ತಾರೆ. ಗುಡ್ಡಪ್ಪನವರ ಬೆರಳು ತಾನಾಗಿ ಹಾಳೆಯ ಮೂಲೆ ಮಡಚುತ್ತದೆ. "ಇನ್ನೂ ಬಿಟ್ಟಿಲ್ಲೇನ್ರಿ?" ಎಂದು ಆಕೆ ನಗುತ್ತಾರೆ. ಬರುವ ವರ್ಷ ಗುಡ್ಡಪ್ಪ ನಿವೃತ್ತರಾಗುತ್ತಾರೆ. ಕೇಳಿದರೆ ಒಂದೇ ಆಸೆ: "ನನ್ನ ಜಾಗಕ್ಕ ಬರಾವ ಮೊದ್ಲು ಗದ್ದಿಗೆ ಕಾಲಿಡ್ಲಿ, ಆಮ್ಯಾಲ ಮಷೀನಿಗೆ ಹೇಳ್ಲಿ."

ಪಟ್ಟಿ ಪೂರ್ತಿ ಇಂಗ್ಲಿಷ್ ಅಕ್ಷರದಲ್ಲಿದೆ. ಗುಡ್ಡಪ್ಪ ಸಾಲು ಸಾಲಾಗಿ ಬೆರಳಾಡಿಸಿ ಒಂದು ಕಡೆ ನಿಲ್ಲಿಸುತ್ತಾರೆ. "ಇಂಗ್ಲಿಷ್ ನನಗ ಬರಂಗಿಲ್ರಿ. ಈ ನಾಕು ಅಕ್ಷರ ಮಾತ್ರ ಎಲ್ಲಿದ್ರೂ ಓದ್ತೀನಿ. ಪಾಳಿ."