ಮಸಿ ತೊಳೆದ ಮೇಲಿನ ಫೋಟೋ

ಬಣ್ಣದ ಸಿನಿಮಾ ಇನ್ನೂ ಅಪರೂಪವಾಗಿದ್ದ ಕಾಲ. ಹನೂರಿನಾಚೆ ಕಾಡಿನಲ್ಲಿ ಶೂಟಿಂಗ್. ನಾನು ಸ್ಟಿಲ್ ಫೋಟೋಗ್ರಾಫರ್. ‘ಕಾಡುಜನರ ಕುಣಿತ’ಕ್ಕೆ ಅದೇ ಕಾಡಿನಲ್ಲಿ ಬದುಕುವ ಸೋಲಿಗರನ್ನು ಕರೆಸಿದ್ದರು. ಫೋಟೋ ತೆಗೀತಾರೆ ಅಂತ ಅವರೆಲ್ಲ ಮಿಂದು, ತಲೆಗೆ ಎಣ್ಣೆ ಹಚ್ಚಿ, ಒಗೆದ ಬಟ್ಟೆ ಉಟ್ಟು ಬಂದರು. ನಿರ್ದೇಶಕರಿಗೆ ಸಿಟ್ಟು ಬಂತು.

‘ಇವರು ಕಾಡುಜನರ ಥರಾನೇ ಇಲ್ವಲ್ರೀ!’

ಎಲ್ಲರಿಗೂ ಮುಖಕ್ಕೆ ಮಸಿ ಬಳಿದು, ಮೈಗೆ ಸೊಪ್ಪು ಸುತ್ತಿ, ತಲೆಗೆ ಪುಕ್ಕ ಸಿಕ್ಕಿಸಿದ್ದಾಯಿತು.

ಕೇತಮ್ಮ ಅನ್ನೋ ಅಜ್ಜಿ ತನ್ನನ್ನೇ ಮೇಲಿಂದ ಕೆಳಗೆ ನೋಡಿಕೊಂಡು ನನ್ನನ್ನು ಕೇಳಿದಳು, ‘ಇದ್ಯಾವ ಸೀಮೆ ಜನದ ವೇಸ ಸಾ?’

‘ನಿಮ್ಮದೇ ಅಂತೆ ಕಣಜ್ಜಿ.’

ಅವಳಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿಯಲು ಕೈ ಎತ್ತಿದಳು. ಸೊಪ್ಪಿಗೆ ಸೆರಗೆಲ್ಲಿ? ಕೈ ಅಲ್ಲೇ ನಿಂತಿತು.

ಸಂಜೆ ಮಸಿ ತೊಳೆದು, ತನ್ನ ಸೀರೆ ಉಟ್ಟು, ಮೈತುಂಬಾ ಸೆರಗು ಹೊದ್ದು ಬಂದು ನನ್ನೆದುರು ನಿಂತಳು.

‘ನಿಮ್ದು ತಗುದಾಯ್ತಲ್ಲ ಸಾ, ಈಗ ನಮ್ದೊಂದು ತಗೀರಿ.’

ನಾಯಕಿಗೆಂದು ಉಳಿಸಿದ್ದ ಫಿಲ್ಮು ಅವಳಿಗೆ ಖರ್ಚಾಯಿತು.

ಒಂದು ಪ್ರತಿ ಅಜ್ಜಿಗೆ ಕಳಿಸಿದೆ, ಇನ್ನೊಂದು ನಮ್ಮ ಮನೆ ಗೋಡೆಯ ಮೇಲಿದೆ. ಬಂದವರು ‘ಯಾವ ಪಿಚ್ಚರಿಂದು?’ ಅಂತಾರೆ.

‘ಆ ಪಿಚ್ಚರು ಇನ್ನೂ ಯಾರೂ ತೆಗೆದಿಲ್ಲ’ ಅಂತೀನಿ.