ಮಾವನವರು ಹೋದ ಮೇಲೂ ನಿಲ್ಲದ ಗೆರೆ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ಗುಡ್ಡದ ನೆತ್ತಿಯ ಮೇಲಿನ ಒಂಟಿ ಕಟ್ಟಡದ ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು, ತೋಳು ಮಡಚಿಕೊಂಡು, ಗೆರೆಯಕ್ಕ ಕಳ್ಳಬೆಕ್ಕಿನ ಹಾಗೆ ಒಳಗೆ ಹೆಜ್ಜೆ ಇಡುತ್ತಾರೆ. ಕಳ್ಳತನಕ್ಕೆ ಬಂದವರಲ್ಲ, ಸಂಬಳಕ್ಕೆ ಬಂದವರು. ಆದರೆ ಇಲ್ಲಿ ಯಾರಾದರೂ ಧಡಧಡ ನಡೆದರೆ ಆ ನಡಿಗೆ ಕಾಗದದ ಮೇಲೆ ಮೂಡಿಬಿಡುತ್ತದೆ. ಕೆಳಗೆ ನೆಲಮಾಳಿಗೆಯಲ್ಲಿ, ಬಂಡೆಗೆ ಬಿಗಿದು ಕೂರಿಸಿದ ಭೂಕಂಪನ ಮಾಪಕ. ಮೇಲೆ ಈ ಕೋಣೆಯಲ್ಲಿ, ಕಾಗದ ಸುತ್ತಿಕೊಂಡು ನಿಧಾನಕ್ಕೆ ತಿರುಗುವ ಡ್ರಮ್ಮು, ಅದರ ಮೇಲೆ ಸಣ್ಣಗೆ ಗೆರೆ ಎಳೆಯುತ್ತಲೇ ಇರುವ ಒಂದು ಪೆನ್ನು.

ಗಡಿಯಾರದ ಮುಳ್ಳು ಆರಕ್ಕೆ ಬಂದದ್ದೇ ತಡ, ಅವರು ಪೆನ್ನು ಎತ್ತುತ್ತಾರೆ. ಹಳೆಯ ಹಾಳೆ ಬಿಚ್ಚಿ, ಹೊಸದನ್ನು ಸುಕ್ಕಿಲ್ಲದಂತೆ ಸುತ್ತಿ, ಅಂಟು ಹಚ್ಚಿ, ಪೆನ್ನು ಇಳಿಸುತ್ತಾರೆ. ನಲವತ್ತು ಸೆಕೆಂಡು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. “ಆ ನಲವತ್ತು ಸೆಕೆಂಡಲ್ಲಿ ಭೂಮಿ ಏನಾದ್ರೂ ಹೇಳಿಬಿಟ್ರೆ ನನಗೆ ಕೇಳಿಸೋದೇ ಇಲ್ವಲ್ಲ ಅಂತ ಒಂದು ಆತಂಕ. ಇಪ್ಪತ್ನಾಲ್ಕು ವರ್ಷ ಆಯ್ತು, ಇದೊಂದು ಮಾತ್ರ ಹಳೇದಾಗ್ಲಿಲ್ಲ” ಎನ್ನುತ್ತಾರೆ. ಅಷ್ಟು ಹೇಳಿದ ಮೇಲೆ ಸಮಾಧಾನದ ಉಸಿರು ಬಿಟ್ಟು ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುತ್ತಾರೆ.

ದಿನಕ್ಕೊಂದು ಹಾಳೆ, ಹಾಳೆಗೆ ನಲವತ್ತೆಂಟು ಗೆರೆ, ಒಂದೊಂದು ಗೆರೆಗೂ ಅರ್ಧ ಗಂಟೆ. ಇದುವರೆಗೆ ಅವರ ಕೈ ದಾಟಿದ್ದು ಎಂಟು ಸಾವಿರಕ್ಕೂ ಮಿಕ್ಕಿದ ಹಾಳೆಗಳು. ನಮಗೆ ನಿಮಗೆ ಅದರಲ್ಲಿ ಕಾಣುವುದು ಮಗು ಗೀಚಿದ ಹಾಗಿನ ಗೀಟು. ಅವರಿಗೆ ಹಾಗಲ್ಲ. ಈ ಗೀರು ಆರೂ ಹತ್ತರ ಗೂಡ್ಸ್ ರೈಲು, ಈ ಚುಕ್ಕೆ ಕಲ್ಲುಕ್ವಾರಿಯ ಸ್ಫೋಟ, ಈ ಗಜಿಬಿಜಿ ಶಾಲೆ ಬಿಟ್ಟಾಗ ಮಕ್ಕಳು ಒಟ್ಟಿಗೆ ಮೆಟ್ಟಿಲಿಳಿದದ್ದು ಎಂದು ಬೆರಳಿಟ್ಟು ತೋರಿಸುತ್ತಾರೆ. ಊರಿನವರು ಅವರಿಗೆ ಗೆರೆಯಕ್ಕ ಎಂದು ಹೆಸರಿಟ್ಟದ್ದು ಮೊದಲು ತಮಾಷೆಗೆ. ಈಗ ಪೋಸ್ಟಿನವರೂ ಹಾಗೇ ಕರೆಯುತ್ತಾರೆ, ಇವರೂ ಓಗೊಡುತ್ತಾರೆ.

ಅವರು ಇಲ್ಲಿಗೆ ಬಂದದ್ದು ನೆಲ ಒರೆಸುವ ಕೆಲಸಕ್ಕೆ. ಓದಿದ್ದು ಹತ್ತನೇ ತರಗತಿ, ಅದೂ ಲೆಕ್ಕದಲ್ಲಿ ತಿಣುಕಾಡಿ ಪಾಸು. ಆಗ ಇಲ್ಲಿದ್ದ ಹಿರಿಯ ವೀಕ್ಷಕರು ಒಂಟಿ ಜೀವ, ಮಾತಿಗೆ ಜನ ಸಿಕ್ಕರೆ ಸಾಕಾಗಿತ್ತು. ಮಾತಾಡುತ್ತ ಆಡುತ್ತ ಪೂರ್ತಿ ವಿದ್ಯೆಯನ್ನೇ ಇವರಿಗೆ ದಾಟಿಸಿಬಿಟ್ಟರು, ಹೋಗುವಾಗ ಕೆಲಸವನ್ನೂ. ದೂರದಲ್ಲೆಲ್ಲೋ ಭೂಮಿ ನಡುಗಿದರೆ ಅಲೆಗಳು ಒಟ್ಟಿಗೆ ಬರುವುದಿಲ್ಲ, ಸರದಿಯಲ್ಲಿ ಬರುತ್ತವೆ. ಇಂಗ್ಲಿಷ್ ಹೆಸರು ಇವರ ನಾಲಗೆಗೆ ಹತ್ತದಿದ್ದಾಗ ಆ ಹಿರಿಯರೇ ಹೊಸ ನಾಮಕರಣ ಮಾಡಿದರು. ಎಲ್ಲರಿಗಿಂತ ಮೊದಲು ಓಡೋಡಿ ಬರುವ ಚುರುಕು ಅಲೆ ಮೈದುನ. ಆಮೇಲೆ ಅತ್ತಿತ್ತ ಬಳುಕುತ್ತ ಬರುವುದು ನಾದಿನಿ. ಕೊನೆಗೆ ನಿಧಾನವಾಗಿ, ಭಾರವಾಗಿ, ಪೆನ್ನನ್ನು ಹಾಳೆಯ ಉದ್ದಗಲಕ್ಕೆ ಎಳೆದಾಡುತ್ತ ಬರುವ ದೊಡ್ಡ ಅಲೆ ಮಾವನವರು. “ಮಾವ ಬಂದ್ರೆ ಮನೆಯವರೆಲ್ಲ ಎದ್ದು ನಿಂತ್ಕೊಳ್ತಾರಲ್ಲ, ಹಂಗೇ ಇದೂ” ಎಂದು ಗೆರೆಯಕ್ಕ ನಗುತ್ತಾರೆ.

ಪ್ರಧಾನ ಕಚೇರಿಗೆ ದಿನಾ ಹತ್ತು ಗಂಟೆಗೆ ವರದಿ ಹೋಗಬೇಕು. ಅಲ್ಲಿ ವರದಿ ಓದುತ್ತಿದ್ದವರು ಹಿರಿಯ ವೀಕ್ಷಕರ ಹಳೆಯ ಗೆಳೆಯರೊಬ್ಬರು. ಈ ನೆಂಟಸ್ತನವೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಹಾಗಾಗಿ ಇಪ್ಪತ್ತು ಚಿಲ್ಲರೆ ವರ್ಷ ಗೆರೆಯಕ್ಕ ಮೈದುನ, ನಾದಿನಿ, ಮಾವ ಎಂದೇ ಬರೆದು ಕಳಿಸಿದರು, ಒಂದು ದಿನವೂ ತಕರಾರು ಬರಲಿಲ್ಲ. ಕಳೆದ ತಿಂಗಳು ಆ ಗೆಳೆಯರು ನಿವೃತ್ತರಾದರು. ಆ ಕುರ್ಚಿಗೆ ಹೊಸಬರೊಬ್ಬರು ಬಂದರು. ಅದನ್ನು ಇವರಿಗೆ ತಿಳಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಸರಿಯಾಗಿ ಆ ಹೊತ್ತಿಗೇ ಬಂತು ನೋಡಿ, ಒಂಬತ್ತು ಸಾವಿರ ಕಿಲೋಮೀಟರ್ ಆಚೆಯ ಆ ಮಹಾ ಕಂಪನ. ಬೆಳಿಗ್ಗೆ ಆರೂ ಹನ್ನೆರಡಕ್ಕೆ ಮೈದುನ ಬಾಗಿಲು ತಟ್ಟಿದ. ಆರೂ ಇಪ್ಪತ್ತೆರಡಕ್ಕೆ ನಾದಿನಿ. ನಡುವೆ ಹತ್ತು ನಿಮಿಷದ ಅಂತರ ಕಂಡಾಗಲೇ ಇದು ಬಹಳ ದೂರದ್ದು, ಬಹಳ ದೊಡ್ಡದು ಎಂದು ಗೆರೆಯಕ್ಕನಿಗೆ ಗೊತ್ತಾಯಿತು. ಗೆರೆ ದೊಡ್ಡದಾದಷ್ಟೂ ಅವರಿಗೆ ಭಯ. ಯಾರ ಮನೆಯೋ, ಯಾರ ಮಕ್ಕಳೋ ಎಂದು ರೇಡಿಯೋ ಹಾಕಿಕೊಂಡು ಕೂರುತ್ತಾರೆ. ಆ ದಿನ ಸುದ್ದಿ ಬೇಗ ಬಂತು. ಕಂಪಿಸಿದ್ದು ಯಾವ ದಡಕ್ಕೂ ಹತ್ತಿರವಿಲ್ಲದ ನಡುಗಡಲ ತಳ, ಒಂದು ಜೀವಕ್ಕೂ ಅಪಾಯವಿಲ್ಲ. ಅಷ್ಟು ಕೇಳಿದ್ದೇ ಅವರಿಗೆ ಹೋದ ಜೀವ ಬಂದಂತಾಯಿತು. ಆಮೇಲಷ್ಟೇ ಗೆರೆಯ ಚಂದ ನೋಡಲು ಮನಸ್ಸು ಬಂತು.

ಆರೂ ನಲವತ್ತಕ್ಕೆ ಮಾವನವರ ಸವಾರಿ ಬಂತು, ಏಳೂ ಕಾಲರ ಸುಮಾರಿಗೆ ಹೊರಟಿತು. ಇನ್ನು ಗೆರೆ ಸಣ್ಣಗಾಗುತ್ತ ಮಲಗಬೇಕಿತ್ತು. ಮಲಗಲಿಲ್ಲ. ಒಂದೇ ಸಮನೆ, ಒಂದೇ ಅಳತೆಯಲ್ಲಿ ಅಲೆ ಅಲೆಯಾಗಿ ಎಂಟೂವರೆಯವರೆಗೂ ತೂಗುತ್ತಲೇ ಇತ್ತು. ಸ್ಕೇಲು ಇಟ್ಟು ಅಳೆದರೆ ಪ್ರತಿ ಅಲೆಗೂ ಇಪ್ಪತ್ತೆರಡು ಸೆಕೆಂಡು. ಇಂಥದ್ದನ್ನು ಅವರು ಈ ಜನ್ಮದಲ್ಲಿ ಕಂಡಿರಲಿಲ್ಲ. ಪೆನ್ನು ನೋಡಿದರು, ತಂತಿ ನೋಡಿದರು, ನೆಲಮಾಳಿಗೆಗೆ ಇಳಿದು ಯಂತ್ರ ನೋಡಿದರು, ಎಲ್ಲವೂ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು. ತಲೆ ಕೆರೆದುಕೊಳ್ಳುತ್ತ ಹತ್ತು ಗಂಟೆಯ ವರದಿಯಲ್ಲಿ ಕಂಡದ್ದನ್ನು ಕಂಡ ಹಾಗೇ ಬರೆದರು: ‘ಮಾವ 6.40ಕ್ಕೆ ಬಂದರು. 7.15ಕ್ಕೆ ಹೋದರು. ಮಾವ ಹೋದ ಮೇಲೂ ಗೆರೆ ನಿಂತಿಲ್ಲ. ಕಾರಣ ಹುಡುಕುತ್ತಿದ್ದೇನೆ.’

ಕಾರಣವನ್ನು ಪ್ರಧಾನ ಕಚೇರಿಯೇ ಹುಡುಕಿಕೊಟ್ಟಿತು. ಯಂತ್ರದ ಕೋಣೆಯೊಳಗೆ ನೆಂಟರಿಷ್ಟರನ್ನು ಬಿಟ್ಟುಕೊಂಡು ದಾಖಲೆ ಕೆಡಿಸಲಾಗಿದೆ, ಆದ್ದರಿಂದ ಕೇಂದ್ರಕ್ಕೆ ಕೆಂಪು ಗುರುತು ಎಂದು ಉತ್ತರ ಬಂತು. ಗೆರೆಯಕ್ಕ ಗಾಬರಿಯಾಗಿ ಫೋನು ಮಾಡಿದರು. ತಮ್ಮ ಮಾವ ತೀರಿಕೊಂಡು ಒಂಬತ್ತು ವರ್ಷವಾಯಿತು ಎಂದರು. ಮತ್ತೆ ಹಾಗಿದ್ದರೆ ಬಂದವರು ಯಾರು ಎಂದು ಹೊಸಬರು ಮೆಲ್ಲಗೆ ಕೇಳಿದರಂತೆ. ಈಗ ಅದನ್ನು ಹೇಳುವಾಗ ಗೆರೆಯಕ್ಕ ಕಣ್ಣೀರು ಬರುವಷ್ಟು ನಗುತ್ತಾರೆ. ಆವತ್ತು ನಗು ಬಂದಿರಲಿಲ್ಲ. ಹೆಸರಿನ ಗೊಂದಲವನ್ನೇನೋ ಬಿಡಿಸಿ ಹೇಳಿದರು. ಆದರೆ ಬೇರೆ ಯಾವ ಕೇಂದ್ರದಲ್ಲೂ ಇಲ್ಲದ ಅಲೆ ಇಲ್ಲಿ ಮಾತ್ರ ಯಾಕೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ನೆಂಟರು ಬರದಿದ್ದರೆ ಯಂತ್ರ ಕೆಟ್ಟಿದೆ, ಅಷ್ಟೇ ಎಂದರು ಹೊಸಬರು.

ಈ ವರ್ಷ ಸಿಡಿಲಿಗೊಂದು, ತಂತಿ ಕಡಿದ ಇಲಿಗೊಂದು, ಹೀಗೆ ಎರಡು ಕೆಂಪು ಗುರುತು ಆಗಲೇ ಬಿದ್ದಿದ್ದವು. ಮೂರಾದರೆ ಕೇಂದ್ರಕ್ಕೆ ಬೀಗ. ಡ್ರಮ್ಮು ಉಗ್ರಾಣಕ್ಕೆ, ಗೆರೆಯಕ್ಕ ಪ್ರಧಾನ ಕಚೇರಿಯ ಕಡತದ ಕೋಣೆಗೆ. ಹತ್ತು ದಿನದಲ್ಲಿ ಎಂಜಿನಿಯರ್ ಬಂದು ನೋಡಿ ಮೊಹರು ಹಾಕುತ್ತಾರೆ ಎಂದು ಪತ್ರವೂ ಬಂತು. “ಕೆಲಸ ಹೋಗಲ್ಲ, ಗೊತ್ತಿತ್ತು. ಆದ್ರೆ ಓದೋಕೆ ಗೆರೆನೇ ಇಲ್ದಿದ್ರೆ ಬೆಳಿಗ್ಗೆ ಎದ್ದು ನಾನು ಏನು ಮಾಡ್ಲಿ?” ಎಂದು ಅವರು ಈಗಲೂ ದನಿ ತಗ್ಗಿಸಿ ಕೇಳುತ್ತಾರೆ.

ಉತ್ತರ ಸಿಕ್ಕಿದ್ದು ಊಟದ ಮೇಜಿನಲ್ಲಿ. ಎಪ್ಪತ್ತೊಂದರ ಅತ್ತೆಗೆ ಮಂಡಿನೋವು. ಗುಡ್ಡದ ಬುಡದಲ್ಲಿ, ಕೇಂದ್ರ ಕೂತ ಬಂಡೆಗೇ ಅಂಟಿಕೊಂಡಂತೆ, ಮೂರು ತಿಂಗಳ ಹಿಂದಷ್ಟೇ ತೆರೆದ ಈಜುಕೊಳವಿದೆ. ನೀರಿನಲ್ಲಿ ನಡೆದರೆ ಮಂಡಿ ಸಡಿಲವಾಗುತ್ತದೆಂದು ಅಲ್ಲಿ ಬೆಳಗಿನ ಏಳಕ್ಕೆ ಹಿರಿಯರ ತರಗತಿ. ಕಂಪನದ ಮರುದಿನ ಅತ್ತೆ ಊಟಕ್ಕೆ ಕೂತವರು ಈಜು ಮೇಷ್ಟರ ಮೇಲೆ ಕೆಂಡ ಕಾರುತ್ತಿದ್ದರು. ಹಿಂದಿನ ಬೆಳಿಗ್ಗೆ ಇವರೆಲ್ಲ ದಡದಲ್ಲಿ ಸುಮ್ಮನೆ ಕೂತಿದ್ದಾಗ ನೀರು ತಾನೇ ತಾನಾಗಿ ಎದ್ದು ಬಂದು ಚಪ್ಪಲಿಗಳನ್ನೆಲ್ಲ ತೇಲಿಸಿಕೊಂಡು ಹೋಯಿತಂತೆ. ಪಂಪಿನ ಕೋಣೆಯಿಂದ ಬಂದ ಮೇಷ್ಟರು, ವಯಸ್ಸಾದವರು ಮಕ್ಕಳ ಹಾಗೆ ಧುಮುಕಿ ನೀರು ಚೆಲ್ಲಿದ್ದೀರಿ ಎಂದು ಬೈದು, ತರಗತಿ ರದ್ದು ಮಾಡಿ ಎಲ್ಲರನ್ನೂ ಮನೆಗೆ ಅಟ್ಟಿದರಂತೆ.

ಗೆರೆಯಕ್ಕನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ನೀರು ಹೇಗೆ ಎದ್ದಿತು ಎಂದು ಕೇಳಿದರು. ಅತ್ತೆ ತಟ್ಟೆ ಸರಿಸಿ ವಿವರಿಸಿದರು. “ತೊಟ್ಟಿಲು ತೂಗಿದ ಹಂಗೆ ಕಣೇ. ಒಂದ್ಸಲ ಆ ಗೋಡೆ ಹತ್ರ ಏರೋದು, ಒಂದ್ಸಲ ಈ ಗೋಡೆ ಹತ್ರ. ಮಂಡಿ ಬಗ್ಗಿಸುವಾಗ ಎಣಿಸಿ ಎಣಿಸಿ ಅಭ್ಯಾಸ ನೋಡು, ಇದನ್ನೂ ಎಣಿಸಿದೆ. ಹೋಗೋಕೆ ಹನ್ನೊಂದು, ಬರೋಕೆ ಹನ್ನೊಂದು.”

ಹನ್ನೊಂದೂ ಹನ್ನೊಂದೂ ಇಪ್ಪತ್ತೆರಡು. ಊಟ ಅರ್ಧಕ್ಕೇ ಬಿಟ್ಟು ಗೆರೆಯಕ್ಕ ಗುಡ್ಡ ಹತ್ತಿದರು. ದೂರದ ಕಂಪನದ ದೊಡ್ಡ ಅಲೆ ಯಾರ ಕಾಲಿಗೂ ತಿಳಿಯದಂತೆ ನೆಲವನ್ನು ಮೆಲ್ಲಗೆ ತೂಗುತ್ತದೆ. ಆ ತೂಗಿನ ಲಯ ಕೊಳದ ಅಳತೆಗೆ ಹೊಂದಿಕೊಂಡರೆ ನೀರು ತೂಗತೊಡಗುತ್ತದೆ, ಅಲೆ ಹೋದ ಮೇಲೂ ತೂಗುತ್ತಲೇ ಇರುತ್ತದೆ. ನಲವತ್ತು ಮೀಟರ್ ಉದ್ದ, ಎದೆಮಟ್ಟದ ಆಳದ ಕೊಳ. ಎಂಟುನೂರು ಟನ್ನಿಗೂ ಮಿಕ್ಕಿದ ನೀರು ಆ ಬದಿಗೊಮ್ಮೆ ಈ ಬದಿಗೊಮ್ಮೆ ಭಾರ ಹಾಕಿದರೆ ಪಕ್ಕದ ಬಂಡೆ ಕೂದಲೆಳೆಗಿಂತ ಕಡಿಮೆಯಾದರೂ ವಾಲಲೇಬೇಕು. ಹಿರಿಯ ವೀಕ್ಷಕರು ಬಿಟ್ಟುಹೋದ ಪುಸ್ತಕದ ಸೂತ್ರ ಹಿಡಿದು, ಲೆಕ್ಕದಲ್ಲಿ ತಿಣುಕಾಡಿದ ಆ ಹಳೆಯ ವಿದ್ಯಾರ್ಥಿನಿ ಮೂರು ಸಲ ಗುಣಿಸಿ ಭಾಗಿಸಿದರು. ಮೂರು ಸಲವೂ ಹತ್ತಿರ ಹತ್ತಿರ ಇಪ್ಪತ್ತೆರಡು ಸೆಕೆಂಡೇ ಬಂತು. ಖುಷಿಗೆ ಅವರಿಗೆ ಕುಣಿಯುವಂತಾಯಿತಂತೆ, ಕೋಣೆಯಲ್ಲಿ ಕುಣಿಯುವಂತಿಲ್ಲವಲ್ಲ, ಹೊರಗೆ ಬಂದು ಒಂದು ಸುತ್ತು ಕುಣಿದು ಒಳಗೆ ಹೋದರು.

ಹತ್ತನೇ ದಿನ ಎಂಜಿನಿಯರ್ ಬಂದರು. ಜೊತೆಗೆ ಬೀಗ, ಅರಗು, ಯಂತ್ರ ಸಾಗಿಸಲು ಮೂರು ಮರದ ಪೆಟ್ಟಿಗೆ. ಒಳ್ಳೆಯ ಮನುಷ್ಯ, ಲೆಕ್ಕವನ್ನೆಲ್ಲ ತಾಳ್ಮೆಯಿಂದ ನೋಡಿದರು, ತಪ್ಪಿಲ್ಲ ಎಂದೂ ಒಪ್ಪಿದರು. ಆದರೆ ಅಜ್ಜಿಯೊಬ್ಬರು ಎಣಿಸಿದ್ದನ್ನು ವರದಿಯಲ್ಲಿ ಬರೆದರೆ ತನ್ನ ಮೇಲಿನವರು ತನ್ನನ್ನೇ ಪೆಟ್ಟಿಗೆಗೆ ತುಂಬಿ ಕಳಿಸುತ್ತಾರೆ, ಕಾಗದದ ಮೇಲೆ ಕಾಣಬೇಕು ಎಂದುಬಿಟ್ಟರು. ಸಂಜೆ ಮನೆಯಲ್ಲಿ ಇದನ್ನು ಕೇಳಿದ ಅತ್ತೆ ಮೂಗು ಮುರಿದರು. ಕಾಗದದ ಮೇಲೆ ತಾನೇ, ನಾಳೆ ಬೆಳಿಗ್ಗೆ ಏಳಕ್ಕೆ ಕಾಣಿಸ್ತೀವಿ ಎಂದು ಹೇಳು ಅವರಿಗೆ ಎಂದರು.

ಮರುದಿನ ಏಳಕ್ಕೆ ಕೊಳದಲ್ಲಿ ಇಪ್ಪತ್ತಾರು ಹಿರಿಯರು, ಎಲ್ಲರಿಗಿಂತ ಕಿರಿಯರಿಗೆ ಅರವತ್ತೆರಡು, ಎಲ್ಲರಿಗಿಂತ ಹಿರಿಯರಿಗೆ ಎಂಬತ್ತು. ಎರಡು ಸಾಲಾಗಿ ನಿಂತು ಕೈ ಕೈ ಹಿಡಿದರು. ಅತ್ತೆಯ ಒತ್ತಾಯಕ್ಕೆ ಮೇಷ್ಟರೂ ಸಿಳ್ಳೆ ಬಾಯಿಗಿಟ್ಟು ದಡದಲ್ಲಿ ನಿಂತರು. ಹನ್ನೊಂದು ಎಣಿಸುವವರೆಗೆ ನೀರನ್ನು ತಳ್ಳುತ್ತ ಮುಂದಕ್ಕೆ, ಸಿಳ್ಳೆ, ಹನ್ನೊಂದು ಎಣಿಸುವವರೆಗೆ ಹಿಂದಕ್ಕೆ. ಮೊದಲ ಐದು ನಿಮಿಷ ಪೂರಾ ಸಂತೆ. ಒಬ್ಬರು ಒಂಬತ್ತಕ್ಕೇ ತಿರುಗಿದರು, ಇನ್ನೊಬ್ಬರು ಪಕ್ಕದವರಿಗೆ ಮಗಳ ಸಮಾಚಾರ ಹೇಳುತ್ತ ತಿರುಗುವುದನ್ನೇ ಮರೆತರು, ನಗು ತಡೆಯಲಾಗದೆ ಒಂದು ಸಾಲು ಕುಸಿದೇ ಹೋಯಿತು. ಅತ್ತೆ ಒಂದು ಗದರು ಗದರಿದ ಮೇಲೆ ಸಾಲು ನೆಟ್ಟಗಾಯಿತು.

ಮೇಲೆ ಕೋಣೆಯಲ್ಲಿ ಗೆರೆಯಕ್ಕ ಮತ್ತು ಎಂಜಿನಿಯರ್, ಇಬ್ಬರೂ ಬರಿಗಾಲಲ್ಲಿ, ಉಸಿರು ಬಿಗಿಹಿಡಿದು. ಪೆನ್ನು ನೇರ ಗೆರೆ ಎಳೆಯುತ್ತಿತ್ತು. ಹತ್ತು ನಿಮಿಷವಾಯಿತು, ನೇರವೇ. ಎಂಜಿನಿಯರ್ ಕಿಟಕಿಯಾಚೆ ತಮ್ಮ ಪೆಟ್ಟಿಗೆಗಳನ್ನು ನೋಡಿದರು. ಹದಿಮೂರನೇ ನಿಮಿಷಕ್ಕೆ ಗೆರೆ ಒಂಚೂರು ಬಳುಕಿತು. ಕಣ್ಣ ಭ್ರಮೆಯೋ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಬಳುಕಿತು, ಮತ್ತೂ ದೊಡ್ಡದಾಗಿ. ಆಮೇಲೆ ನೋಡಬೇಕಿತ್ತು ಅದರ ಗತ್ತು. ಅದೇ ಅಲೆ, ಅದೇ ಅಳತೆ, ಒಂದರ ಪಕ್ಕ ಒಂದು. ಗೆರೆಯಕ್ಕ ಕಿಟಕಿಯಿಂದ ಕರವಸ್ತ್ರ ಬೀಸಿದರು. ಹಿರಿಯರೆಲ್ಲ ನಿಂತು, ಸದ್ದಿಲ್ಲದೆ ದಡ ಹತ್ತಿದರು. ನೀರು ತನ್ನಷ್ಟಕ್ಕೆ ತೂಗುತ್ತಿತ್ತು, ಪೆನ್ನು ಅದರ ಜೊತೆಗೆ ತೂಗುತ್ತಿತ್ತು.

ಎಂಜಿನಿಯರ್ ಹಳೆಯ ಹಾಳೆಯನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ಅಳೆದರು. ಇಪ್ಪತ್ತೆರಡು ಸೆಕೆಂಡು, ಇಲ್ಲೂ ಅಲ್ಲೂ. ಅವರು ಸ್ಕೇಲು ಕೆಳಗಿಟ್ಟು, “ಯಂತ್ರ ಕೆಟ್ಟಿಲ್ಲ ಅಕ್ಕಾ. ಇಷ್ಟು ಸೂಕ್ಷ್ಮವಾಗಿ ಕೇಳಿಸಿಕೊಳ್ಳೋ ಯಂತ್ರ ನಮ್ಮಲ್ಲಿ ಇನ್ನೊಂದಿಲ್ಲ” ಎಂದರು. ಜೇಬಿನಿಂದ ಪೆನ್ನು ತೆಗೆದು ಮೂರನೇ ಕೆಂಪು ಗುರುತಿನ ಮೇಲೆ ಗೀಟು ಎಳೆದು ಸಹಿ ಹಾಕಿದರು. ಮರದ ಪೆಟ್ಟಿಗೆಗಳು ಬಂದ ದಾರಿಯಲ್ಲೇ ಖಾಲಿಯಾಗಿ ವಾಪಸಾದವು. ಮೇಷ್ಟರು ಹಿರಿಯರ ಕ್ಷಮೆ ಕೇಳಿದರು, ಬೇಗನೆ ಒಪ್ಪಿಕೊಳ್ಳುವ ಜನ ಅವರಾಗಿರಲಿಲ್ಲ, ಎರಡು ಸಲ ಕೇಳುವಂತೆ ಮಾಡಿದರು.

ಈಗ ಏನು ಬೇಕು ನಿಮಗೆ ಎಂದರೆ ಗೆರೆಯಕ್ಕ ದೊಡ್ಡದೇನನ್ನೂ ಕೇಳುವುದಿಲ್ಲ. ದೊಡ್ಡ ಗೆರೆ ಬಂದಾಗಲೆಲ್ಲ ಅದು ಯಾರೂ ಇಲ್ಲದ ಕಡಲಿನದೇ ಆಗಿರಲಿ ಎನ್ನುತ್ತಾರೆ. ಆಮೇಲೆ ಆ ಬೆಳಗಿನ ಒಂದು ಸಂಗತಿಯನ್ನು, ಹೇಳಲೋ ಬೇಡವೋ ಎಂಬಂತೆ, ಹೇಳುತ್ತಾರೆ. ಸೊಸೆಯದು ಕೂತು ಗೀಟು ನೋಡುವ ಕೆಲಸ ಎಂದು ಇಪ್ಪತ್ನಾಲ್ಕು ವರ್ಷ ನೆರೆಹೊರೆಗೆ ಹೇಳಿಕೊಂಡು ಬಂದಿದ್ದ ಅತ್ತೆ, ಒದ್ದೆ ತಲೆಗೆ ಟವಲು ಸುತ್ತಿಕೊಂಡು ಮೊದಲ ಸಲ ಗುಡ್ಡದ ನೆತ್ತಿಗೆ ಹತ್ತಿ ಬಂದಿದ್ದರು. ಬಾಗಿಲಲ್ಲಿ ನಿಂತು ಹಾಳೆಯನ್ನು ಬಹಳ ಹೊತ್ತು ನೋಡಿದರು. ಇದರಲ್ಲಿ ತಾನೆಲ್ಲಿದ್ದೇನೆ ಎಂದು ಕೇಳಿದರು. ಗೆರೆಯಕ್ಕ ಅವರ ಬೆರಳು ಹಿಡಿದು ಒಂದು ಅಲೆಯ ಮೇಲಿಟ್ಟು, ಏರುವಲ್ಲಿ ಹನ್ನೊಂದು, ಇಳಿಯುವಲ್ಲಿ ಹನ್ನೊಂದು ಎಂದು ತೋರಿಸಿದರು.

“ಇದನ್ನೆಲ್ಲ ನೀನು ಓದ್ತೀಯಾ?” ಎಂದರು ಅತ್ತೆ.

“ಓದ್ತೀನಿ ಅತ್ತೆ. ಇವತ್ತು ನಿಮ್ಮನ್ನ ಓದಿದೆ.”