ಗಾಳಿಗೆ ಬೆನ್ನು

ತೊಂಬತ್ತರ ದಶಕದಲ್ಲಿ ಅಮೆರಿಕದ ಅಟ್ಲಾಂಟಾ ಹತ್ತಿರದ ಲಾರೆನ್ಸ್‌ವಿಲ್‌ನ ನಮ್ಮ ಊಟದ ಮೇಜು ಆಗಾಗ ಇಮಿಗ್ರೇಷನ್ ಆಫೀಸಾಗುತ್ತಿತ್ತು. ಪರಿಚಯದ ಕನ್ನಡದವರಲ್ಲಿ ಯಾರಿಗೇ ಗ್ರೀನ್ ಕಾರ್ಡಿನ ಇಂಟರ್‌ವ್ಯೂ ಬಂದರೂ ಮೊದಲು ನಮ್ಮಲ್ಲೊಂದು ರಿಹರ್ಸಲ್. ನನ್ನ ಗಂಡನೇ ಆಫೀಸರು. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ನಗದೆ ಕೂರುತ್ತಿದ್ದರು. ಗಂಡಹೆಂಡಿರ ಉತ್ತರ ಒಂದೇ ಆಗುವವರೆಗೆ ಬಿಡುತ್ತಿರಲಿಲ್ಲ.

ಒಂದು ಶನಿವಾರ ಪಕ್ಕದ ಮನೆಯ ವಯಸ್ಸಾದ ದಂಪತಿ ಬಂದು ಆ ಮೇಜಿಗೆ ಕೂತರು. ಗಂಡ ಫಿನ್‌ಲೆಂಡಿನ ಬಡಗಿ, ಅಮೆರಿಕದ ಪ್ರಜೆಯಾಗಿ ಕೆಲವು ವರ್ಷಗಳಾಗಿದ್ದವು. ಹೆಂಡತಿ ರಷ್ಯಾದವರು, ಹೊಸದಾಗಿ ಮದುವೆಯಾಗಿದ್ದರು. ಈ ವಯಸ್ಸಿನ ಮದುವೆಯನ್ನು ಆಫೀಸಿನವರು ನಂಬದಿದ್ದರೆ ಆಕೆ ವಾಪಸು ಹೋಗಬೇಕಿತ್ತು.

ಇಬ್ಬರ ಅಪ್ಪಂದಿರೂ ಎರಡನೇ ಮಹಾಯುದ್ಧದಲ್ಲಿ ಎದುರುಬದುರು ನಿಂತವರು. ಆಮೇಲೆ, ಎಪ್ಪತ್ತರ ದಶಕದಲ್ಲಿ, ಅವೇ ದೇಶಗಳು ವ್ಯಾಪಾರಕ್ಕೆ ಕೂತವು. ಫಿನ್‌ಲೆಂಡಿನವರು ಗಡಿ ದಾಟಿ ಹೋಗಿ ಗಣಿ ಕೆಲಸಗಾರರಿಗೆ ಒಂದು ಊರನ್ನೇ ಕಟ್ಟಿಕೊಡುವುದು, ಸೋವಿಯತ್ತಿನವರು ಬದಲಿಗೆ ತೈಲ ಕಳಿಸುವುದು. ಆ ಊರು ಕಟ್ಟಲು ಹೋದವರಲ್ಲಿ ಈ ಬಡಗಿಯೂ ಒಬ್ಬರು. ಆಕೆ ಅಲ್ಲಿ ದುಭಾಷಿ.

ಗಂಡಹೆಂಡಿರನ್ನು ಬೇರೆಬೇರೆ ಕೇಳುತ್ತಾರೆಂದು ಬಡಗಿಯನ್ನು ಹಿತ್ತಿಲಿಗೆ ಕಳಿಸಿ, ಮೊದಲು ಭೇಟಿಯಾದದ್ದು ಹೇಗೆ ಎಂದು ಆಕೆಯನ್ನು ಕೇಳಿದೆವು. ಅವರಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ. ನನಗೆ ಈಗ ಕನ್ನಡದಲ್ಲೇ ನೆನಪಾಗುತ್ತದೆ. ಅಂಥ ನೆನಪನ್ನು ಎಷ್ಟು ನಂಬಬೇಕೋ ಗೊತ್ತಿಲ್ಲ.

"ಕಾಫಿಗೆ ಅಂತ ಇವರ ಕಡೆಯವರೆಲ್ಲ ಕೆಲಸ ನಿಲ್ಲಿಸಿಬಿಡೋರು. ಅದು ಅವರ ಕೂಲಿ ಕರಾರಿನಲ್ಲೇ ಇತ್ತಂತೆ, ಗಡಿ ದಾಟಿದರೂ ಬಿಡಲಿಲ್ಲ. ಯಾಕೆ ನಿಂತಿದೆ, ಕೇಳ್ಕೊಂಡು ಬಾ ಅಂತ ನಮ್ಮ ಮೇಲಿನವರು ನನ್ನನ್ನ ಕಳಿಸಿದರು. ವಿಪರೀತ ಚಳಿ. ಹೊರಗೆ ಇವರೊಬ್ಬರೇ ಇದ್ದರು. ಪರದೇಶದವರ ಕೈಯಿಂದ ನಾವು ಏನೂ ತಗೊಳ್ಳೋ ಹಾಗಿರಲಿಲ್ಲ. ಅದಕ್ಕೇ ಕಾಫಿಯನ್ನ ಹಲಗೆ ಮೇಲಿಟ್ಟು, ನಾನು ಕುಡಿಯೋವರೆಗೆ ಬೆನ್ನು ತಿರುಗಿಸಿ ನಿಂತರು. ಅಷ್ಟು ನಾಜೂಕು ನಾನು ಯಾರಲ್ಲೂ ನೋಡಿರಲಿಲ್ಲ."

ಆಮೇಲೆ ಆಕೆ ಹಿತ್ತಿಲಿಗೆ ಹೋದರು, ಬಡಗಿ ಒಳಗೆ ಬಂದರು.

"ಸಿಗರೇಟು ಹಚ್ಚಬೇಕಿತ್ತು," ಎಂದರು. "ಲೋಟ ಕೆಳಗಿಟ್ಟು ಗಾಳಿಗೆ ಬೆನ್ನು ಮಾಡಿ ನಿಂತೆ. ತಿರುಗಿದರೆ ಲೋಟ ಖಾಲಿ. ಅದು ನನ್ನ ಕಾಫಿ."

ನನ್ನ ಗಂಡ ನಕ್ಕುಬಿಟ್ಟರು. ಅಭ್ಯಾಸಬಲದಿಂದ ಆಕೆಯ ಉತ್ತರವನ್ನೂ ಬಡಗಿಗೆ ಹಾಗೇ ಒಪ್ಪಿಸಿದರು. ಆಮೇಲೆ ನನ್ನತ್ತ ತಿರುಗಿ, "ಮ್ಯಾಚೇ ಆಗ್ತಿಲ್ಲ ಕಣೇ. ಒಂದೇ ಸ್ಟೋರಿ ಫಿಕ್ಸ್ ಮಾಡ್ಕೊಳ್ಳಿ ಅನ್ಲಾ?" ಎಂದರು.

"ರೀ, ಸುಮ್ನಿರಿ. ಅವರ ಮುಖ ನೋಡಿ."

ಬಡಗಿ ಕಿಟಕಿಯಾಚೆ ನೋಡುತ್ತಿದ್ದರು. ಹೊರಗೆ ಆಕೆ ನನ್ನ ಮೆಂತ್ಯದ ಮಡಿಯ ಮುಂದೆ ಬಗ್ಗಿ ಎಲೆ ಮೂಸುತ್ತಿದ್ದರು.

"ಇಷ್ಟು ದೂರ ಅವಳು ಬಂದದ್ದು ಆ ಮನುಷ್ಯನನ್ನ ಹುಡುಕಿಕೊಂಡು," ಎಂದರು ಬಡಗಿ. "ನಾನು ಅವನಲ್ಲ."

ಏನು ಹೇಳಬೇಕೆಂದು ಅವರು ಕೇಳಲಿಲ್ಲ. ಎಲ್ಲರಿಗೂ ಉತ್ತರ ಹೇಳಿಕೊಡುತ್ತಿದ್ದ ನನ್ನ ಗಂಡ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅಟ್ಲಾಂಟಾದಲ್ಲಿ ಇಂಟರ್‌ವ್ಯೂ ಮುಗಿಸಿ ಇಬ್ಬರೂ ಸೀದಾ ನಮ್ಮ ಮನೆಗೇ ಬಂದರು. ಪಾಸಾಗಿತ್ತು. ಅಲ್ಲೂ ಅದೇ ಪ್ರಶ್ನೆ ಬಂದಿತ್ತಂತೆ. "ಇವರು, ಬೆನ್ನು ತಿರುಗಿಸಿ ನಿಂತೆ, ಅಂದರಂತೆ," ಎಂದರು ಆಕೆ. "ಯಾಕೆ ಅಂತ ಆಫೀಸರ್ ಕೇಳಿದ್ದಕ್ಕೆ, ನನ್ನ ಬೆನ್ನು ಕಂಡದ್ದು ಅವಳಿಗೆ, ಅವಳನ್ನೇ ಕೇಳಿ ಅಂದರಂತೆ. ಎಷ್ಟು ಸಂಕೋಚ ನೋಡಿ, ತಾನು ಮಾಡಿದ ಒಳ್ಳೇದನ್ನ ಹೇಳ್ಕೊಳ್ಳೋಕೂ."

ನಾನು ಕಾಫಿ ತಂದೆ. ಹಾಲು ಕಡಿಮೆಯಿದ್ದು ಒಂದು ಲೋಟ ತಡವಾಯಿತು. ಬಡಗಿ ತಮ್ಮ ಲೋಟವನ್ನು ಆಕೆಯ ಮುಂದಿಟ್ಟು, ಎದ್ದುಹೋಗಿ ಕಿಟಕಿಗೆ ಮುಖಮಾಡಿ ನಿಂತರು.

ಹೀಗೇ ನಡೆಯಿತೇ, ಅಥವಾ ನಡೆಯಲಿ ಎಂದು ನಾನು ಆಮೇಲೆ ಸೇರಿಸಿಕೊಂಡೆನೇ? ಅನುಮಾನ ಬಂದಾಗಲೆಲ್ಲ ಗಂಡನನ್ನು ಕೇಳುತ್ತೇನೆ. ನಿಂತಿದ್ದರು ಎನ್ನುತ್ತಾರೆ. ಕಿಟಕಿ ಮುಚ್ಚಿತ್ತು. ಬಡಗಿ ಸಿಗರೇಟು ಬಿಟ್ಟು ಎಷ್ಟೋ ಕಾಲವಾಗಿತ್ತು. ಆಕೆ ನಿಧಾನವಾಗಿ, ಪೂರ್ತಿ ಕುಡಿದರು.